ಇಟ್ಟುಕೊಂಡ ಬಂದೂಕುಗಳು

ಶೈಯೆನ್
೨೦ ಫೆಬ್ರವರಿ ೨೦೧೮

ಪ್ರಿಯ ಆರ್ಲೋ ಭಾವ,

ಇಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಹೋಟೆಲಿನಿಂದ ಶಾಸನಸಭೆಗೆ ನಡೆದು ಹೋಗುವಷ್ಟರಲ್ಲಿ ನನ್ನ ತಲೆ ಹುಲ್ಲಿನ ಮೆದೆಯಾಗಿರುತ್ತದೆ. ಫೋನ್ ಮಾಡೋಣವೆಂದರೆ ನೀವು "ಹೂಂ", "ಸರಿ" ಎಂದು ಇಟ್ಟುಬಿಡುತ್ತೀರಿ. ಕಾಗದದಲ್ಲಾದರೆ ನಿಮ್ಮ ಬಾಯಿ ಸ್ವಲ್ಪ ಬಿಚ್ಚುತ್ತದೆ ಎಂದು ಅಕ್ಕನೇ ಹೇಳುತ್ತಿದ್ದಳು.

ನೀವು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳೋಣ ಎಂದು ಬರೆಯುತ್ತಿದ್ದೇನೆ. ನಾನೊಂದು ಮಸೂದೆ ತಂದಿದ್ದೇನೆ. ಒಂದೇ ಪುಟದ್ದು. ಮನಸ್ಸು ಕೆಟ್ಟ ಕಾಲದಲ್ಲಿ ಯಾರಾದರೂ ತಮ್ಮ ಬಂದೂಕುಗಳನ್ನು ನೆರೆಯವನ ಹತ್ತಿರವೋ ಅಂಗಡಿಯಲ್ಲೋ ಇಡಬೇಕೆಂದರೆ ಇಡಬಹುದು. ಇಟ್ಟುಕೊಂಡವನು ಆಮೇಲೆ ಅವನ್ನು ವಾಪಸು ಕೊಟ್ಟು, ಏನಾದರೂ ಹೆಚ್ಚುಕಮ್ಮಿಯಾದರೆ, ಅವನನ್ನು ಕೋರ್ಟಿಗೆ ಎಳೆಯುವಂತಿಲ್ಲ. ಇಷ್ಟೇ. ಸರ್ಕಾರ ಯಾರ ಮನೆಗೂ ಬರುವುದಿಲ್ಲ, ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.

ಕ್ಲೆಮ್ ಯಾರ್ನೆಲ್‌ನ ಕಥೆ ನಿಮಗೆ ಗೊತ್ತು. ಕಳೆದ ವಸಂತದಲ್ಲಿ ಅವನು ತನ್ನ ರೈಫಲ್‌ಗಳನ್ನು ಟ್ರಕ್ಕಿಗೆ ಹಾಕಿಕೊಂಡು ಬಂದೂಕಿನಂಗಡಿಗೆ ಹೋಗಿ, "ಸ್ವಲ್ಪ ದಿನ ಇಟ್ಕೊಳಪ್ಪ" ಅಂದಿದ್ದ. ಅಂಗಡಿಯವನು ಕೆಟ್ಟವನಲ್ಲ. "ವಿಮೆಯವ್ರು ಬಿಡಲ್ಲ ಕಣೋ. ನಾಳೆ ಏನಾದ್ರೂ ಆದ್ರೆ ನನ್ ತಲೆಗೇ ಬರುತ್ತೆ" ಅಂದ. ಕ್ಲೆಮ್ ಅವನ್ನು ಮತ್ತೆ ಮನೆಗೆ ತೆಗೆದುಕೊಂಡು ಹೋದ. ಕುರಿಗಳು ಮರಿ ಹಾಕುವ ಕಾಲ, ಹೆಂಡತಿ ಕೊಟ್ಟಿಗೆಯಲ್ಲಿದ್ದಳು. ಆಮೇಲೆ ಗೋರಿಯ ಹತ್ತಿರ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಆಗ ನೀವು ನನ್ನ ಮುಖ ನೋಡಲಿಲ್ಲ.

ನಾನು ಎಲ್ಲ ಕಡೆ ಕ್ಲೆಮ್‌ನ ಹೆಸರನ್ನಷ್ಟೇ ಹೇಳಿದ್ದೇನೆ, ಅವನ ಹೆಂಡತಿಯ ಒಪ್ಪಿಗೆ ಪಡೆದು. ಬೇರೆ ಯಾರ ಹೆಸರೂ ನನ್ನ ಬಾಯಿಂದ ಬರುವುದಿಲ್ಲ. ಅದು ನಿಮಗೆ ಗೊತ್ತಿರಲಿ.

ನಮ್ಮೂರ ಬಂದೂಕು ಕ್ಲಬ್ಬಿನಲ್ಲಿ ಏನೆನ್ನುತ್ತಾರೆ ಬರೆಯಿರಿ. ಅಧ್ಯಕ್ಷರು ನೀವೇ ಅಲ್ಲವೇ.

ನಿಮ್ಮ
ವರ್ನಾ


ಸೇಜ್ ಫೋರ್ಕ್
೧೮ ಮಾರ್ಚ್ ೨೦೧೮

ಪ್ರಿಯ ವರ್ನಾ,

ಕರು ಹಾಕಿಸುವ ಗಡಿಬಿಡಿಯಲ್ಲಿ ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಕೆಳಮನೆಯಲ್ಲಿ ಪಾಸಾದ ಮಸೂದೆ ಮೇಲ್ಮನೆಯಲ್ಲಿ ಬಿದ್ದುಹೋಯಿತೆಂದು ರೇಡಿಯೊದಲ್ಲಿ ಕೇಳಿದೆ. ಬಿದ್ದದ್ದು ಒಳ್ಳೆಯದಾಯಿತು, ಇನ್ನು ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ.

ಬೇರೆ ರಾಜ್ಯದ ಯಾವುದೋ ಸಂಘದವರು ಕೌಂಟಿಯ ಎಲ್ಲ ಅಂಚೆಪೆಟ್ಟಿಗೆಗೂ ಬಣ್ಣದ ಕಾಗದ ಹಾಕಿದ್ದಾರೆ. ನಿನ್ನ ಫೋಟೊ, ಬಾಯಿ ಅರ್ಧ ತೆರೆದದ್ದು. ಕೆಳಗೆ ಕೆಂಪಕ್ಷರದಲ್ಲಿ, ಈಕೆ ನಿಮ್ಮ ಬಂದೂಕು ಕಿತ್ತುಕೊಳ್ಳಲು ಬರುತ್ತಿದ್ದಾಳೆ ಎಂದಿದೆ. ಶನಿವಾರ ಗುರಿಮೈದಾನದಲ್ಲಿ ಹಾಯ್ಟ್ ಬೆಲ್ನಾಪ್ ಅದನ್ನು ನನ್ನ ಮುಂದೆ ಹಿಡಿದ.

"ಏನಯ್ಯಾ, ನಿನ್ ನಾದಿನಿ ನಮ್ ಬೀರು ತೆಗೆಸೋಕೆ ಯಾವಾಗ ಬರ್ತಾಳಂತೆ? ಮೊದ್ಲೇ ಹೇಳು, ಹೆಂಡ್ತಿಗೆ ಮನೆ ಗುಡಿಸಿಡೋಕೆ ಹೇಳ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ನವೆಂಬರಿನ ಚುನಾವಣೆ ನಮ್ಮಲ್ಲಿ ಹೆಸರಿಗೆ ಮಾತ್ರ. ಡೆಮಾಕ್ರಟಿಕ್ ಪಕ್ಷದವರು ಇಲ್ಲಿ ಯಾರನ್ನೂ ನಿಲ್ಲಿಸುವುದೇ ಇಲ್ಲ. ಆಗಸ್ಟಿನ ಪ್ರೈಮರಿಯಲ್ಲಿ ನಮ್ಮ ರಿಪಬ್ಲಿಕನ್ ಪಕ್ಷ ಯಾರನ್ನು ಅಭ್ಯರ್ಥಿಯಾಗಿ ಆರಿಸುತ್ತದೋ ಅವರು ಆಗಲೇ ಗೆದ್ದ ಹಾಗೆ. ಆ ಹೊತ್ತಿಗೆ ಅರ್ಧ ಕೌಂಟಿ ಹುಲ್ಲು ಕೊಯ್ಯುತ್ತಿರುತ್ತದೆ, ಇನ್ನರ್ಧಕ್ಕೆ ಮತದಾನವಿದೆ ಎಂಬುದೇ ಗೊತ್ತಿರುವುದಿಲ್ಲ. ಕ್ಲಬ್ಬಿನವರು ಮಾತ್ರ ಒಬ್ಬರೂ ತಪ್ಪಿಸುವುದಿಲ್ಲ. ಇದನ್ನು ನಿನಗೆ ಹೇಳಿಕೊಡಬೇಕೇ? ವಾಲೆಸ್ ಟ್ರಿಪ್‌ನಂಥ ಮರ್ಯಾದಸ್ಥನನ್ನು ಮನೆಗೆ ಕಳಿಸಿ ನಿನ್ನನ್ನು ಶೈಯೆನ್ನಿಗೆ ಕಳಿಸಿದ್ದು, ಅಭ್ಯರ್ಥಿಗಳಿಗೆ ಅಂಕ ಹಾಕಿ ನಮ್ಮ ಕ್ಲಬ್ಬು ಮನೆಮನೆಗೆ ಕಳಿಸುವ ಅಂಚೆಕಾರ್ಡೇ. ಅವನಿಗೆ ಎಫ್, ನಿನಗೆ ಎ. ಅವತ್ತು ನೀನು ಕಾರ್ಡನ್ನು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದೆ.

ಆ ಕಾರ್ಡಿನ ನಿಯಮ ಬರೆದವನು ನಾನು. ಬಂದೂಕಿನ ವಿಷಯದಲ್ಲಿ ಶಾಸನಸಭೆಯಲ್ಲಿ ಒಂದು ಮತ ತಪ್ಪಿದರೂ ಎಫ್, ನೆಂಟರಿಗೂ ವಿನಾಯಿತಿಯಿಲ್ಲ. ಯಾರೂ ಬೆರಳು ತೋರಿಸಬಾರದು ಎಂದು ಹಾಗೆ ಬರೆದೆ. ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರು. ಮಸೂದೆ ಮುಗಿದ ಕಥೆ ಅಂತ ಪತ್ರಿಕೆಯಲ್ಲಿ ಹೇಳಿಬಿಡು.

ನಿನ್ನ ಯಜಮಾನ ರಸ್‌ಗೆ ಹೇಳು, ಅವನ ಬೇಲಿ ತಂತಿ ಬಿಗಿಯುವ ಸಾಮಾನು ನನ್ನ ಹತ್ತಿರವೇ ಇದೆ.

ಆರ್ಲೋ


ಸೇಜ್ ಫೋರ್ಕ್, ನದಿ ರಸ್ತೆ
೨೬ ಮೇ ೨೦೧೮

ಪ್ರಿಯ ಆರ್ಲೋ ಭಾವ,

ಮುಗಿದ ಕಥೆ ಎಂದು ನಾನು ಹೇಳಲಿಲ್ಲ. ಜನವರಿಯಲ್ಲಿ ಮತ್ತೆ ತರುತ್ತೇನೆ ಎಂದೆ. ಅದಕ್ಕೆ ತಕ್ಕ ಉತ್ತರ ನಿನ್ನೆ ಸಿಕ್ಕಿತು. ಪ್ರೈಮರಿಯಲ್ಲಿ ನನ್ನ ಎದುರು ಟ್ರೆವರ್ ಸ್ಯಾಂಡ್ಸ್ ನಿಂತಿದ್ದಾನೆ. ನಮ್ಮ ಊರಿಗೆ ಬಂದು ಎರಡು ಚಳಿಗಾಲವನ್ನೂ ಸರಿಯಾಗಿ ಕಂಡಿಲ್ಲ, ಹ್ಯಾಟು ಮಾತ್ರ ನಮ್ಮೆಲ್ಲರಿಗಿಂತ ದೊಡ್ಡದು. ಅವನು ಕೆಟ್ಟ ಹುಡುಗನೇನಲ್ಲ, ಕೇಳಿದ್ದನ್ನು ನಂಬುವವನು.

ಹೊಲದಾಚೆ ನಿಮ್ಮ ಮನೆಯ ದೀಪ ಕಾಣುತ್ತದೆ. ನಡೆದು ಬಂದು ಹೇಳಬಹುದಿತ್ತು. ಬಂದರೆ ಜಗಳವಾಡುತ್ತೇನೆ ಎಂದು ಬರೆಯುತ್ತಿದ್ದೇನೆ.

ನಾನು ಒಮ್ಮೆಯೂ ಎತ್ತದ ಮಾತನ್ನು ಈಗ ಎತ್ತುತ್ತಿದ್ದೇನೆ. ಅಕ್ಕ ತೀರಿಕೊಂಡ ವಾರ ನೀವು ಫೋನ್ ಮಾಡಿದ್ದಿರಿ. ಫೋನ್ ಎಂದರೆ ಆಗದ ನೀವು. "ವರ್ನಾ, ಟ್ರಕ್ ತಗೊಂಡ್ ಬಾ. ಏನೂ ಕೇಳ್ಬೇಡ" ಅಂದಿರಿ. ನಾನು ಬಂದೆ. ಅಕ್ಕ ಹೊಲಿದ ರಜಾಯಿಗಳಲ್ಲಿ ರೈಫಲ್‌ಗಳನ್ನು ಸುತ್ತಿ ನೀವೇ ಬಾಗಿಲ ಬಳಿ ಸಾಲಾಗಿ ಇಟ್ಟಿದ್ದಿರಿ. ನಾನು ಅವನ್ನು ತುಂಬಿಕೊಳ್ಳುವಷ್ಟು ಹೊತ್ತೂ ನೀವು ಅಡುಗೆಮನೆಯಲ್ಲಿ ತಿರುಗಿ ನಿಂತು, ಆಗಲೇ ಶುದ್ಧವಾಗಿದ್ದ ಕಾಫಿ ಪಾತ್ರೆಯನ್ನು ಉಜ್ಜುತ್ತಿದ್ದಿರಿ. ಮುಂದಿನ ಎಲ್ಕ್ ಜಿಂಕೆ ಬೇಟೆಯ ಕಾಲಕ್ಕೆ ನೀವು ಬಂದು ಕೇಳಿದಾಗ ನಿಮ್ಮ ಮುಖ ನೋಡಿದೆ, ಕೊಟ್ಟೆ. ನಿಮ್ಮ ನೆಲಮಾಳಿಗೆಯಲ್ಲಿ ತೇವವಂತೆ, ತುಕ್ಕು ಹಿಡಿಯುತ್ತವಂತೆ ಎಂದು ರಸ್‌ಗೆ ಸುಳ್ಳು ಹೇಳಿದ್ದೆ. ಇವತ್ತಿಗೂ ಅವನು ಅದನ್ನೇ ನಂಬಿದ್ದಾನೆ.

ನಮ್ಮ ಜನ ಇದನ್ನು ಮೊದಲಿನಿಂದಲೂ ಮಾಡಿಕೊಂಡೇ ಬಂದಿದ್ದಾರೆ, ಭಾವ. ನನ್ನ ಅಪ್ಪ ಮಾಡಿದ್ದ, ನಿಮ್ಮ ಅಪ್ಪನೂ ಮಾಡಿರಬೇಕು. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ಬಾಯಿ ಬಿಡದ್ದರಿಂದಲೇ ಇವರಿಗೆಲ್ಲ ಇದು ಎಲ್ಲಿಂದಲೋ ತಂದ ಹೊಸ ಕಾಯಿಲೆಯಂತೆ ಕಾಣುತ್ತಿದೆ.

ಜೂನ್ ಸಭೆಯಲ್ಲಿ ಕಾರ್ಡ್ ತಯಾರಾಗುತ್ತದೆ. ಎದ್ದು ನಿಂತು ಹೇಳಿ. ಎಲ್ಲವನ್ನೂ ಹೇಳಬೇಕಾಗಿಲ್ಲ. "ಇದರಿಂದ ಬದುಕಿದ ಒಬ್ಬರು ನನಗೆ ಗೊತ್ತು" ಎಂದರೆ ಸಾಕು. ನಿಮ್ಮ ಬಾಯಿಂದ ಬಂದರೆ ಅವರು ಕೇಳುತ್ತಾರೆ. ಅವರ ಮಕ್ಕಳಿಗೆಲ್ಲ ಬಂದೂಕು ಹಿಡಿಯಲು ಕಲಿಸಿದವರು ನೀವು. ನನ್ನ ಸೀಟಿಗಾಗಿ ಕೇಳುತ್ತಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಹೋದರೆ ಈ ಮಸೂದೆಯನ್ನು ಮತ್ತೆ ಮುಟ್ಟುವವರಿಲ್ಲ.

ವರ್ನಾ


ಸೇಜ್ ಫೋರ್ಕ್
೧೫ ಜೂನ್ ೨೦೧೮

ವರ್ನಾ,

ಸಭೆ ಮುಗಿಯಿತು. ನಡೆದದ್ದನ್ನು ನನ್ನಿಂದಲೇ ಕೇಳು.

ಟ್ರೆವರ್ ಮಾತಾಡಿದ. ಇವತ್ತು ಇಷ್ಟಪಟ್ಟು ಕೊಡಿ ಎನ್ನುತ್ತಾರೆ, ನಾಳೆ ಕೊಡಲೇಬೇಕು ಎನ್ನುತ್ತಾರೆ ಎಂದ. ಜನ ತಲೆಯಾಡಿಸಿದರು. ಹಾಯ್ಟ್ ಕೊನೆಯ ಸಾಲಿನಿಂದ ಕೇಳಿದ, "ಅಲ್ಲಪ್ಪಾ, ತನ್ ಬಂದೂಕಿಗೇ ಹೆದರೋನು ಎಂಥಾ ಗಂಡಸು? ಅಂಥವ್ನ ಕೈಗೆ ಅದನ್ನ ಮತ್ತೆ ಯಾಕ್ ಕೊಡ್ಬೇಕು?"

ಆಗ ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಬೇಕಾದ ಮಾತು ಬಾಯಿತನಕ ಬಂದಿತ್ತು, ಇದನ್ನು ನಂಬು. ಆಮೇಲೆ "ಕಾಫಿ ಆರ್ತಾ ಇದೆ, ಹಾಕ್ಕೊಳ್ರಪ್ಪ" ಅಂದು ಕೂತುಬಿಟ್ಟೆ.

ಕಾರ್ಡಿನಲ್ಲಿ ನಿನ್ನ ಹೆಸರಿನ ಮುಂದೆ ಎಫ್ ಎಂದು ಬರೆದದ್ದು ನನ್ನ ಕೈ. ಕೆಳಗಿನ ಸಹಿಯೂ ನನ್ನದೇ.

ಯಾಕೆಂದು ಕೇಳುತ್ತೀಯ. ಇಲ್ಲಿ ಒಮ್ಮೆ ಒಬ್ಬನ ಮೇಲೆ ಅಂಥ ಮಾತು ಬಿದ್ದರೆ ತೊಳೆದರೆ ಹೋಗುವುದಿಲ್ಲ. ಯಾರು ತಮ್ಮ ಮಗನನ್ನು ನನ್ನ ಹತ್ತಿರ ಕಲಿಯಲು ಕಳಿಸುತ್ತಾರೆ? ಬೇಟೆಯ ಗುಡಾರದಲ್ಲಿ ಯಾರು ನನ್ನ ಪಕ್ಕ ನಿಶ್ಚಿಂತೆಯಿಂದ ಮಲಗುತ್ತಾರೆ? ನಿನ್ನ ಅಕ್ಕ ಮೇಬೆಲ್ ಇಲ್ಲದ ಮನೆಯಲ್ಲಿ ಇಷ್ಟು ವರ್ಷ ನನ್ನನ್ನು ಎತ್ತಿ ನಿಲ್ಲಿಸಿದ್ದು ಆ ಮೈದಾನವೊಂದೇ. ನಾನು ಹೆದರಿದೆ. ಬೇರೆ ಕಾರಣವಿಲ್ಲ.

ನನ್ನ ಮತ ನಿನಗೇ.

ಆರ್ಲೋ


ನದಿ ರಸ್ತೆ
೨ ಜುಲೈ ೨೦೧೮

ಆರ್ಲೋ ಭಾವ,

ಕಾರ್ಡು ನಮ್ಮ ಮನೆಗೂ ಬಂತು. ರಸ್ ಕ್ಲಬ್ಬಿನ ಸದಸ್ಯನಲ್ಲವೇ, ಅವನ ಹೆಸರಿಗೆ ಬಂದಿದೆ. ನಿಮ್ಮ ಎಫ್ ನೋಡಿದ ಕೂಡಲೇ ಕೈ ಗುರುತು ಸಿಕ್ಕಿತು.

ನಿಮ್ಮ ಮತ ಒಂದು. ನಿಮ್ಮ ಕಾರ್ಡು ಕೌಂಟಿಗೆಲ್ಲ ಹೋಗಿದೆ. ನನಗೆ ಮತ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವುದಾದರೆ ಹಾಕಬೇಡಿ.

ಭಾನುವಾರದ ಊಟಕ್ಕೆ ಇನ್ನು ಬರಬೇಡಿ. ಅಕ್ಕ ಪೈ ಬೇಯಿಸುತ್ತಿದ್ದ ತಟ್ಟೆಯನ್ನು ನಿಮ್ಮ ಅಂಚೆಪೆಟ್ಟಿಗೆಯ ಕೆಳಗೆ ಇಟ್ಟಿದ್ದೇನೆ. ನಿಮ್ಮ ಗುಟ್ಟು ಮೊದಲು ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದಕ್ಕಾಗಿ ಹೆದರಬೇಕಾಗಿಲ್ಲ.

ವರ್ನಾ ಹೋಲ್‌ಕಂಬ್


ಸೇಜ್ ಫೋರ್ಕ್
೨೨ ಆಗಸ್ಟ್ ೨೦೧೮

ವರ್ನಾ,

ನೀನು ಓದುತ್ತೀಯೋ ಇಲ್ಲವೋ ಗೊತ್ತಿಲ್ಲ, ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಎಂದಿನಂತೆ ಮೈದಾನದಲ್ಲಿ ಪ್ಯಾನ್‌ಕೇಕ್ ಹಾಕಿದೆವು. ಹೊಯ್ದು ಮಗುಚುವವನು ನಾನೇ. ತಿಂದು ಮುಗಿಸಿದವರೆಲ್ಲ ಟ್ರಕ್ಕುಗಳ ಸಾಲು ಕಟ್ಟಿಕೊಂಡು ಮತ ಹಾಕಲು ಹೋಗುವುದು. ಗಣಿಯಲ್ಲಿ ಕೆಲಸ ಮಾಡಿದ ಮುದುಕ ಯೋಸಿಪ್ ನಿನಗೆ ಗೊತ್ತಲ್ಲ, ಜೀವಮಾನವಿಡೀ ಡೆಮಾಕ್ರಟ್. ಅವನೂ ಕೈಯಲ್ಲಿ ಕಾರ್ಡು ಹಿಡಿದು ಬಂದಿದ್ದ. ಮತಗಟ್ಟೆಯ ಮೇಜಿನ ಮುಂದೆ, ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಲು ಪಕ್ಷ ಬದಲಿಸುವ ಕಾಗದಕ್ಕೆ ರುಜು ಹಾಕುತ್ತಾ, "ಇವತ್ತೊಂದಿನ ಆನೆ ಪಕ್ಷ, ನಾಳೆ ಮತ್ತೆ ನಮ್ ಕತ್ತೇನೇ. ಬೇಟೆ ರೈಫಲ್ ಉಳಿದ್ರೆ ಸಾಕು ತಾಯಿ" ಅಂತ ಅಲ್ಲಿದ್ದ ಹೆಂಗಸಿಗೆ ಹೇಳಿದ. ಅವಳೂ ನಕ್ಕಳು. ಅವನಂತೆ ಇನ್ನೂ ಕೆಲವರು.

ನೀನು ಸೋತ ಅಂತರ, ಆ ಬೆಂಚುಗಳ ಮೇಲೆ ಕೂತು ನಾನು ಹಾಕಿದ್ದನ್ನು ತಿಂದವರಿಗಿಂತ ಕಡಿಮೆ. ಇಡೀ ಕೌಂಟಿ ನಿನ್ನನ್ನು ಬೇಡವೆನ್ನಲಿಲ್ಲ, ವರ್ನಾ. ಕೌಂಟಿ ಹುಲ್ಲು ಕೊಯ್ಯುತ್ತಿತ್ತು.

ನಿನಗೆ ಮತ ಹಾಕಿದೆ. ಹೊರಗೆ ಬಂದಾಗ ಟ್ರೆವರ್ ಕೈ ಕುಲುಕಿ "ನಿಮ್ಮಿಂದಾನೇ ಆಯ್ತು ಸಾರ್" ಅಂದ. ಅದು ನಿಜ. ಮನೆಗೆ ಬಂದು ಕಾವಲಿ ತೊಳೆಯಲು ಕೂತೆ, ತೊಳೆಯಲಾಗಲಿಲ್ಲ. ಇನ್ನೂ ಹಾಗೇ ಬಿದ್ದಿದೆ.

ಆರ್ಲೋ


ಸೇಜ್ ಫೋರ್ಕ್
೨೮ ಅಕ್ಟೋಬರ್ ೨೦೧೮

ವರ್ನಾ,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಮುಖವೂ ನನಗಿಲ್ಲ. ಆದರೆ ರಸ್‌ನಿಂದ ಅರ್ಧಂಬರ್ಧ ಕೇಳಿರುತ್ತೀಯ, ಪೂರ್ತಿ ಹೇಳುತ್ತೇನೆ.

ಬೇಟೆಯ ಕಾಲ ಶುರುವಾಗುವ ಮೊದಲಿನ ಸಭೆಯಲ್ಲಿ ಹೇಳಿಬಿಟ್ಟೆ. ಸಿದ್ಧತೆ ಮಾಡಿಕೊಂಡು ಹೋಗಿರಲಿಲ್ಲ. ಗುಡಾರದಲ್ಲಿ ಯಾರ ಜೊತೆ ಯಾರು ಎಂದು ಮಾತು ನಡೆದಿತ್ತು. ಯಾರೋ ಕ್ಲೆಮ್‌ನ ಹೆಸರೆತ್ತಿ, "ಪಾಪ, ಎರಡ್ ವರ್ಷದ್ ಹಿಂದೆ ಇಲ್ಲೇ ಕೂತಿದ್ನಲ್ಲ" ಅಂದರು. ಆಗ ಹೇಳಿದೆ. ಮೇಬೆಲ್ ಸತ್ತ ವಾರ ನನ್ನ ಕೈಯನ್ನು ನಾನೇ ನಂಬಲಿಲ್ಲ. ವರ್ನಾ ಬಂದು ತೆಗೆದುಕೊಂಡು ಹೋದಳು, ಒಂದು ಮಾತು ಕೇಳಲಿಲ್ಲ. ಅವಳು ಅವತ್ತು ಬಾರದಿದ್ದರೆ ಕ್ಲೆಮ್‌ನ ಪಕ್ಕದ ಜಾಗ ನನ್ನದಾಗಿರುತ್ತಿತ್ತು. ಅವಳಿಗೆ ನಾನು ಎಫ್ ಬರೆದೆ. ಇಷ್ಟು.

ರಸ್ ನೆಲ ನೋಡುತ್ತಾ, "ತೇವ ಅಂದಿದ್ಲು" ಅಂದ, ತನ್ನಷ್ಟಕ್ಕೇ. ಹಾಯ್ಟ್ ಹ್ಯಾಟು ಹಾಕಿಕೊಂಡು ಹೊರಗೆ ಹೋದ, ಬಾಗಿಲನ್ನೂ ಮುಚ್ಚಲಿಲ್ಲ. ಅಧ್ಯಕ್ಷನ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ. ಈ ಸಲ ಬೇಟೆಗೆ ಯಾರೂ ಕರೆಯಲಿಲ್ಲ.

ಅದಾಗಿ ಒಂದು ವಾರಕ್ಕೆ ಹಾಯ್ಟ್ ಕುದುರೆ ಸಾಗಿಸುವ ಗಾಡಿಯನ್ನು ಟ್ರಕ್ಕಿಗೆ ಕಟ್ಟಿಕೊಂಡು ಬಂದ. ಗಾಡಿಯಲ್ಲಿ ಕುದುರೆಯಿರಲಿಲ್ಲ, ಹುಲ್ಲಿತ್ತು. ಹುಲ್ಲಿನ ಕೆಳಗೆ ಅವನ ಮನೆಯ ಬಂದೂಕುಗಳಷ್ಟೂ ಇದ್ದವು. ಅವನ ಮಗ ಸೈನ್ಯದಿಂದ ವಾಪಸು ಬಂದಿದ್ದು ನಿನಗೆ ಗೊತ್ತು.

"ಹುಡ್ಗ ಮಾತಾಡ್ತಿಲ್ಲ ಆರ್ಲೋ. ಊಟಕ್ ಕರೆದ್ರೆ ಬರ್ತಾನೆ, ತಿಂತಾನೆ, ಹೋಗಿ ಗೋಡೆ ನೋಡ್ಕೊಂಡ್ ಕೂತ್ಕೊತಾನೆ. ಇವನ್ನ ಇಟ್ಕೊ. ಏನೂ ಕೇಳ್ಬೇಡ."

ಏನೂ ಕೇಳಲಿಲ್ಲ. ಇಬ್ಬರೂ ಸೇರಿ ಒಳಕೋಣೆಯ ಕಬ್ಬಿಣದ ಬೀರುವಿಗೆ ಸೇರಿಸಿದೆವು. ಹೋಗುವಾಗ ಅವನು ಅಂಗಳದಲ್ಲಿ ನಿಂತು, "ಜೂನ್‌ನಲ್ಲಿ ನಾನು ಹಂಗ್ ಅನ್ಬಾರ್ದಿತ್ತು" ಅಂದ. ಮಾರ್ಚಿನಲ್ಲಿ ನಾನೂ ನಗಬಾರದಿತ್ತು ಅಂದೆ.

ಅವನ ಹಿಂದೆ ಶಾಲೆಯ ಬಸ್ಸು ಓಡಿಸುವ ನೇಡೀನ್ ಬಂದಳು, ಗಂಡನೇ ತನ್ನ ಬಂದೂಕು ಕೊಟ್ಟು ಕಳಿಸಿದ್ದಂತೆ. ಮೊನ್ನೆ ಯೋಸಿಪ್ ಬಂದ. ಪಟ್ಟಣದ ವಕೀಲರನ್ನು ಕೇಳಿದೆ. ಇವುಗಳಲ್ಲಿ ಒಂದನ್ನು ವಾಪಸು ಕೊಟ್ಟು ನಾಳೆ ಏನಾದರೂ ಆದರೆ, ಮನೆ ದನ ಎಲ್ಲ ಹೋಗಬಹುದು ಎಂದರು. ನಿನ್ನ ಒಂದು ಪುಟದ ಮಸೂದೆ ಇದಕ್ಕೇ ಅಲ್ಲವೇ ಇದ್ದದ್ದು.

ನೀನು ಸೋತ ಮೇಲೆ ಹೇಳಿದ್ದಕ್ಕೆ ಬೆಲೆಯಿಲ್ಲವೆಂದು ಬಲ್ಲೆ.

ಆರ್ಲೋ


ನದಿ ರಸ್ತೆ
೧೭ ನವೆಂಬರ್ ೨೦೧೮

ಆರ್ಲೋ ಭಾವ,

ನಿಮ್ಮ ಆಗಸ್ಟಿನ ಪತ್ರ ಓದಿದೆ, ಅಕ್ಟೋಬರಿನದೂ ಓದಿದೆ. ರಸ್ ಸಭೆಯಿಂದ ಬಂದವನೇ ನಮ್ಮ ನೆಲಮಾಳಿಗೆಗೆ ಇಳಿದು, ನಿಮ್ಮ ರೈಫಲ್‌ಗಳಿದ್ದ ಮೂಲೆಯಲ್ಲಿ ಕೂತಿದ್ದ. ಮೇಲೆ ಬಂದು, "ಅಷ್ಟ್ ದಿನ ನಮ್ ಮನೇಲಿದ್ದದ್ದು ಇದಕ್ಕಾ?" ಎಂದಷ್ಟೇ ಕೇಳಿದ.

ನಿಮ್ಮನ್ನು ಕ್ಷಮಿಸಿದೆ ಎಂದು ಬರೆಯಲು ಕೂತೆ. ಬರುತ್ತಿಲ್ಲ. ಜೂನಿನಲ್ಲಿ ಹೇಳಿದ್ದರೆ ಜನವರಿಯಲ್ಲಿ ನಾನು ಆ ಕುರ್ಚಿಯಲ್ಲಿರುತ್ತಿದ್ದೆ. ಮಸೂದೆ ಪಾಸಾದ ಮೇಲೆ ಹಾಯ್ಟ್‌ನಂಥವರು ಹುಲ್ಲಿನ ಕೆಳಗೆ ಮುಚ್ಚಿಕೊಂಡು ಬರಬೇಕಾಗುತ್ತಿರಲಿಲ್ಲ, ನಿಮ್ಮಂಥವರು ಮನೆ ದನ ಪಣಕ್ಕಿಡಬೇಕಾಗುತ್ತಿರಲಿಲ್ಲ. ಟ್ರೆವರ್‌ನ ಹತ್ತಿರ ಹೋಗಿ ಮಾತಾಡಿದೆ. "ಮೇಡಂ, ನೀವು ಹೇಳೋದು ನಂಗೆ ಅರ್ಥ ಆಗುತ್ತೆ. ಆದ್ರೆ ಇನ್ನೆರಡು ವರ್ಷಕ್ಕೆ ನಾನೂ ಪ್ರೈಮರಿ ಎದುರಿಸ್ಬೇಕಲ್ಲ" ಅಂದ. ಅವನನ್ನು ಏನನ್ನಲಿ? ನಾನೂ ಎಷ್ಟೋ ವರ್ಷ ಹಾಗೆಯೇ ಲೆಕ್ಕ ಹಾಕಿದವಳು.

ಸಿಟ್ಟು ಇದೆ, ಇರಲಿ. ಈಗ ಕೆಲಸದ ಮಾತು. ಗುಂಡು ಹಾರದಂತೆ ರೈಫಲ್‌ಗಳ ಬೋಲ್ಟ್ ತೆಗೆದು ಬೇರೆ ಕಡೆ ಇಡಿ. ಯಾವುದಕ್ಕೂ ಹೆಸರಿನ ಚೀಟಿ ಕಟ್ಟಬೇಡಿ, ಯಾರದು ಯಾವುದು ಎಂದು ನಿಮಗೆ ಗೊತ್ತಿದ್ದರೆ ಸಾಕು. ಕುದುರೆಗಳ ಕೆಲಸವಿದ್ದರೆ ಹಾಯ್ಟ್‌ನ ಮಗನನ್ನು ಕರೆಸಿಕೊಳ್ಳಿ.

ಇನ್ನೊಂದು ಕೇಳಬೇಕು. ಮುಂದಿನ ವಾರ ಅಕ್ಕ ತೀರಿಕೊಂಡ ವಾರ. ಕ್ಲಬ್ಬಿಲ್ಲ, ಬೇಟೆಯಿಲ್ಲ, ನಮ್ಮ ಮನೆಗೂ ನಾನೇ ಬರಬೇಡಿ ಎಂದಿದ್ದೇನೆ. ಊರಿನ ಬಂದೂಕುಗಳನ್ನೆಲ್ಲ ತುಂಬಿಕೊಂಡ ಮನೆಯಲ್ಲಿ ನೀವೊಬ್ಬರೇ ಇದ್ದೀರಿ. ನನಗೆ ಊಟ ಸೇರುತ್ತಿಲ್ಲ.

ಆ ಬೀರುವಿನ ಕೀಲಿ ಯಾರ ಹತ್ತಿರ ಇದೆ?

ವರ್ನಾ


ಸೇಜ್ ಫೋರ್ಕ್
೧೯ ನವೆಂಬರ್ ೨೦೧೮

ವರ್ನಾ,

ಕೀಲಿ ಈ ಲಕೋಟೆಯಲ್ಲಿದೆ. ಜೋಡಿ ಕೀಲಿ ಒಂದಿತ್ತು, ಅದೂ ಇದರಲ್ಲೇ ಇದೆ. ನನ್ನವೂ ಬೀರುವಿನೊಳಗೇ ಇವೆ.

ಈ ವಾರ ನನಗೆ ಸರಿಯಿಲ್ಲ. ನೀನು ಕೇಳದಿದ್ದರೆ ಹೇಳುತ್ತಿರಲಿಲ್ಲ. ಲಕೋಟೆಯನ್ನು ಅಂಚೆಗೆ ಹಾಕದೆ ನಾನೇ ಹೊಲ ದಾಟಿ ಬಂದು ನಿಮ್ಮ ಬಾಗಿಲಿನ ಸಂದಿಗೆ ಸಿಕ್ಕಿಸಿ ಹೋಗುತ್ತೇನೆ. ಬಾಗಿಲು ತಟ್ಟುವುದಿಲ್ಲ.

ಯಾರಾದರೂ ಬಂದು ತಮ್ಮದನ್ನು ವಾಪಸು ಕೇಳಿದರೆ, ನೀನೇ ಬಂದು ಅವರ ಮುಖ ನೋಡಿ, ಕೊಡಬಹುದೋ ಬೇಡವೋ ಹೇಳಬೇಕು. ನಾನು ಕೇಳಿದರೂ ಹಾಗೆಯೇ ಮಾಡು. ನಿನ್ನನ್ನು ಸೋಲಿಸಿದವರಿಗೆಲ್ಲ ಇದನ್ನು ಹೇಳಿ ಒಪ್ಪಿಸಿದ್ದೇನೆ. ಹಾಯ್ಟ್, "ಕೊನೆಗೂ ನಿನ್ ನಾದಿನಿ ನಮ್ ಬಂದೂಕು ತಗೊಂಡೇ ಬಿಟ್ಲಲ್ಲ" ಅಂದ. ಅಂದು ಕಣ್ಣೊರೆಸಿಕೊಂಡ.

ನಿನ್ನ
ಆರ್ಲೋ ಭಾವ